ಉಬ್ಬಸದ ಮಗುವಿಗೆ ಫ್ಲೂ ಬಂದಾಗ

ಜೂನ್ ತಿಂಗಳು. ಶಾಲೆ ತೆರೆದಿದೆ, ಮಳೆ ಹಿಡಿದಿದೆ. ಬೆನ್ಸನ್ ಟೌನಿನ ಒಂದು ಮನೆಯಲ್ಲಿ ಅಣ್ಣ, ತಂಗಿ ಇಬ್ಬರಿಗೂ ಒಂದೇ ವಾರ ಫ್ಲೂ ಜ್ವರ ಬಂತು ಎಂದಿಟ್ಟುಕೊಳ್ಳಿ. ಆರನೆಯ ದಿನ ಅಣ್ಣ ಚೀಲ ಹೊತ್ತು ಶಾಲೆಗೆ ಹೊರಟ. ತಂಗಿಗೆ ಜ್ವರ ಬಿಟ್ಟಿದೆ. ಆದರೆ ರಾತ್ರಿಯೆಲ್ಲ ಕೆಮ್ಮು, ಎದೆಯಲ್ಲಿ ಸುಂಯ್ ಎಂಬ ಸದ್ದು. ಮನೆ ಒಂದೇ, ವೈರಸ್ಸೂ ಒಂದೇ. ಹಾಗಾದರೆ ಈ ವ್ಯತ್ಯಾಸವೇಕೆ? ತಂಗಿಗೆ ಮೊದಲೇ ಆಸ್ತಮಾ, ಅಂದರೆ ಉಬ್ಬಸ ಇತ್ತು.

ಇಂಥ ಮಕ್ಕಳು ಬೆಂಗಳೂರಿನಲ್ಲಿ ಅಪರೂಪವಲ್ಲ. ಹಲಸೂರು ಕೆರೆಯ ಬಳಿಯ ಲೇಕ್‌ಸೈಡ್ ಆಸ್ಪತ್ರೆಯ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ಇಪ್ಪತ್ತು ವರ್ಷಗಳ ಲೆಕ್ಕ ಇಟ್ಟರು. ಪರೀಕ್ಷೆಗೆ ಬಂದ ಮಕ್ಕಳಲ್ಲಿ 1979ರಲ್ಲಿ ಶೇಕಡ 9ರಷ್ಟಿದ್ದ ಆಸ್ತಮಾ 1999ರ ವೇಳೆಗೆ ಶೇಕಡ 29.5ಕ್ಕೆ ಏರಿತ್ತು. ಇದು ಆಸ್ಪತ್ರೆಗೆ ಬಂದವರ ಲೆಕ್ಕವೇ ಹೊರತು ಇಡೀ ಊರಿನದಲ್ಲ. ಆದರೂ ಏರಿಕೆ ಸಣ್ಣದಲ್ಲ.

ಆಸ್ತಮಾ ಇರುವವರ ಶ್ವಾಸನಾಳಗಳ ಒಳಪದರ ಆರಾಮವಾಗಿರುವಾಗಲೂ ತುಸು ಊದಿಕೊಂಡೇ ಇರುತ್ತದೆ. ಮನೆಯ ದೂಳು, ವಾಹನದ ಹೊಗೆ, ಖಾಲಿ ನಿವೇಶನದ ಕಾಂಗ್ರೆಸ್ ಗಿಡದ ಪರಾಗ ಅದನ್ನು ಕೆಣಕುತ್ತವೆ. ಫ್ಲೂ ವೈರಸ್ ಬೆಳೆಯುವುದೂ ಇದೇ ಪದರದ ಜೀವಕೋಶಗಳಲ್ಲಿ. ಆಗ ಊತ ಹೆಚ್ಚುತ್ತದೆ, ಲೋಳೆ ತುಂಬುತ್ತದೆ, ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ. ಕೊಳವೆಯ ತ್ರಿಜ್ಯ ಅರ್ಧಕ್ಕೆ ಇಳಿದರೆ ಗಾಳಿಯ ನೇರ ಹರಿವಿಗೆ ಅಡ್ಡಿ ಎರಡು ಪಟ್ಟಲ್ಲ, ಹದಿನಾರು ಪಟ್ಟು ಏರುತ್ತದೆ. ಮಕ್ಕಳ ನಾಳಗಳೋ ಮೊದಲೇ ಕಿರಿದು! ಜ್ವರ ಬಿಟ್ಟ ಮೇಲೂ ಕೆರಳಿದ ಪದರ ವಾರಗಟ್ಟಲೆ ತಣಿಯುವುದಿಲ್ಲ.

2009ರಲ್ಲಿ ಎಚ್1ಎನ್1 ಫ್ಲೂ ಜಗತ್ತಿಗೆಲ್ಲ ಹಬ್ಬಿದಾಗ ಇದು ಸ್ಪಷ್ಟವಾಯಿತು. ಅಮೆರಿಕದಲ್ಲಿ ಆಸ್ಪತ್ರೆ ಸೇರಿದ ಮಕ್ಕಳಲ್ಲಿ ಹೆಚ್ಚಾಗಿ ಕಂಡ ಹಿಂದಿನ ಕಾಯಿಲೆ ಆಸ್ತಮಾವೇ ಆಗಿತ್ತು.

ಹಾಗಾದರೆ ಏನು ಮಾಡಬೇಕು? ಮೊದಲನೆಯದು, ವೈದ್ಯರು ದಿನವೂ ಸೇದಲು ಹೇಳಿದ ಇನ್‌ಹೇಲರನ್ನು ಜ್ವರ ಬಂತೆಂದು ನಿಲ್ಲಿಸಬಾರದು. "ಅದು ಚಟವಾಗುತ್ತದೆ" ಎಂಬುದು ತಪ್ಪು ನಂಬಿಕೆ. ಮೈಕ್ರೋಗ್ರಾಂ ಲೆಕ್ಕದ ಆ ಔಷಧಿ ನೇರವಾಗಿ ಶ್ವಾಸನಾಳಕ್ಕೆ ತಲುಪಿ ಊತ ತಗ್ಗಿಸುತ್ತದೆ. ಎರಡನೆಯದು, ಫ್ಲೂ ಲಸಿಕೆ. ವೈರಸ್ ರೂಪ ಬದಲಿಸುವುದರಿಂದ ಇದನ್ನು ವರ್ಷಕ್ಕೊಮ್ಮೆ ಹಾಕಿಸಬೇಕು. ರಕ್ಷಣೆ ಮೂಡಲು ಸುಮಾರು ಎರಡು ವಾರ ಬೇಕಾದ್ದರಿಂದ ಮಳೆಗಾಲಕ್ಕೆ ಮುಂಚೆಯೇ ವೈದ್ಯರನ್ನು ಕೇಳುವುದು ಲೇಸು. ಮೂರನೆಯದು, ಫ್ಲೂ ಜ್ವರಕ್ಕೆ ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು. ಮಿದುಳು, ಯಕೃತ್ತುಗಳಿಗೆ ಕೇಡು ತರುವ ಅಪಾಯವುಂಟು.

ಉಸಿರೆಳೆದಾಗ ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಸೆಳೆದರೆ, ಒಂದು ವಾಕ್ಯ ಮುಗಿಸಲೂ ಮಗು ಏದುಸಿರು ಬಿಟ್ಟರೆ, ತುಟಿ ನೀಲಿಗಟ್ಟಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ವಿದ್ಯಾರ್ಥಿಗಳೇ, ತರಗತಿಯಲ್ಲಿ ಗೆಳತಿಯೊಬ್ಬಳು ಇನ್‌ಹೇಲರ್ ತೆಗೆದರೆ ನಗಬೇಡಿ. ನಾಚಿಕೆಯಿಂದ ಅವಳು ಅದನ್ನು ಮನೆಯಲ್ಲೇ ಬಿಟ್ಟು ಬರುವಂತಾದರೆ, ಆ ನಗುವಿಗೆ ಬೆಲೆ ತೆರುವುದು ಅವಳ ಉಸಿರು.