ಕೆರೆಯ ಕಾಣದ ತೂಬು

ಕೆರೆಯ ಉಪಯೋಗವನ್ನು ಜನರು ಸಾಮಾನ್ಯವಾಗಿ ಅದರ ತೂಬಿನಿಂದ ಅಳೆಯುತ್ತಾರೆ. ತೂಬಿನಿಂದ ಹರಿದ ನೀರು ಎಷ್ಟು ಗದ್ದೆಗಳನ್ನು ನೆನೆಸಿತು, ಎಷ್ಟು ಭತ್ತ ಬೆಳೆಯಿತು ಎಂಬುದೇ ಅವರ ಲೆಕ್ಕ. ಆದರೆ ಪ್ರತಿಯೊಂದು ಕೆರೆಗೂ ಕಣ್ಣಿಗೆ ಕಾಣದ ಮತ್ತೊಂದು ತೂಬುಂಟು. ಅದು ಕೆರೆಯಂಗಳದ ಮಣ್ಣು. ಅದರ ಮೂಲಕ ನೀರು ಹಗಲಿರುಳೂ ಇಂಗಿ, ಕೆಳಗಿನ ಸವಕಲು ಶಿಲೆಯ ಸಂದುಗಳನ್ನು ಸೇರಿ, ಸುತ್ತಲಿನ ಬಾವಿಗಳಿಗೆ ಜೀವ ಕೊಡುತ್ತದೆ. ಇಂಗಿದ ನೀರು ಪೋಲಾದ ನೀರೆಂದು ಭಾವಿಸುವುದು ತಪ್ಪು. ಅದನ್ನು ಅಳೆಯದೆ ಬಳಸುವುದು ಅದಕ್ಕಿಂತ ದೊಡ್ಡ ತಪ್ಪು.

ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆಯಲ್ಲಿ ಈ ಮಾತಿನ ಅರ್ಥ ಚೆನ್ನಾಗಿ ತಿಳಿಯುತ್ತದೆ. ಹಿಂದಿನವರು ಅಲ್ಲಿ ಸಾಲುಸಾಲಾಗಿ ಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆಯ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ ಸೇರುತ್ತಿತ್ತು. ಕಾಲಕ್ರಮದಲ್ಲಿ ಕೆರೆಗಳಲ್ಲಿ ಹೂಳು ತುಂಬಿತು, ತೆರೆದ ಬಾವಿಗಳು ಬತ್ತಿದವು, ಕೊಳವೆಬಾವಿಗಳು ಆಳಕ್ಕಿಳಿದವು. 2018ರಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆನೀರನ್ನು ಈ ಜಿಲ್ಲೆಯ ಕೆರೆಗಳಿಗೆ ಹರಿಸುವ ಯೋಜನೆ ಆರಂಭವಾಯಿತು. ಅಂತರ್ಜಲವನ್ನು ಹೆಚ್ಚಿಸುವುದೇ ಅದರ ಮುಖ್ಯ ಉದ್ದೇಶ. ಹಾಗಾದರೆ ತುಂಬಿದ ಕೆರೆಯಿಂದ ನೆಲಕ್ಕೆ ಇಳಿಯುವ ನೀರೆಷ್ಟು?

ಈ ಪ್ರಶ್ನೆಗೆ ಉತ್ತರವಾಗಿ ಅಂತರ್ಜಲ ಅಂದಾಜು ಸಮಿತಿಯು 1997ರಲ್ಲಿ ಒಂದು ಸರಳ ಸೂತ್ರವನ್ನು ನೀಡಿತು. ಕೆರೆಯಲ್ಲಿ ನೀರಿರುವಷ್ಟು ಕಾಲ, ನೀರು ಹರಡಿದ ಸರಾಸರಿ ವಿಸ್ತೀರ್ಣದ ಮೇಲೆ, ದಿನಕ್ಕೆ 1.4 ಮಿಲಿಮೀಟರ್ ನೀರು ಇಂಗುತ್ತದೆಂದು ಎಣಿಸಬೇಕು. ಸರಾಸರಿ ವಿಸ್ತೀರ್ಣ ತಿಳಿಯದಿದ್ದರೆ ಪೂರ್ಣ ವಿಸ್ತೀರ್ಣದ ಶೇಕಡಾ 60 ಭಾಗವನ್ನು ತೆಗೆದುಕೊಳ್ಳಬೇಕು.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳಬಹುದು. ಕೆರೆಯ ಪೂರ್ಣ ವಿಸ್ತೀರ್ಣ 50 ಹೆಕ್ಟೇರ್. ಸರಾಸರಿ 30 ಹೆಕ್ಟೇರ್. ನೀರು 200 ದಿನ ನಿಂತರೆ ಇಂಗುವ ನೀರಿನ ಎತ್ತರ 280 ಮಿಲಿಮೀಟರ್, ಅಂದರೆ ಒಟ್ಟು 84,000 ಘನಮೀಟರ್. ಇದು ದೊಡ್ಡ ಮೊತ್ತವೆಂದು ತೋರುವುದು ಸಹಜ. ಆದರೆ ಸೆಕೆಂಡಿಗೆ 3 ಲೀಟರ್ ನೀರೆತ್ತುವ ಒಂದು ಕೊಳವೆಬಾವಿ ದಿನಕ್ಕೆ 5 ಗಂಟೆಯಂತೆ 200 ದಿನ ನಡೆದರೆ 10,800 ಘನಮೀಟರ್ ನೀರು ಮೇಲೆ ಬರುತ್ತದೆ. ಹೀಗೆ ಆ ಕೆರೆಯ ಇಂಗುನೀರು 8 ಕೊಳವೆಬಾವಿಗಳಿಗೂ ಪೂರ್ತಿಯಾಗಿ ಸಾಲದು. ಸುತ್ತಲೂ 40 ಬಾವಿಗಳಿದ್ದರೆ ಉಳಿದವುಗಳ ಪಾಡೇನು? ಕೆರೆ ತುಂಬಿತೆಂಬ ಹರ್ಷದಲ್ಲಿ ಹೊಸ ಬಾವಿಗಳನ್ನು ಕೊರೆಸುವವರು ಈ ಭಾಗಾಕಾರವನ್ನು ಮೊದಲು ಮಾಡಬೇಕು.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಒಂದೇ ಸಂಖ್ಯೆ ಇಡೀ ಜಿಲ್ಲೆಯ ಸ್ಥೂಲ ಅಂದಾಜಿಗೆ ಒದಗಬಹುದು. ಒಂದು ಊರಿನ ಕೆರೆಗೆ ಅದು ಒಪ್ಪಲೇಬೇಕೆಂದಿಲ್ಲ. ಜೇಡಿಮಣ್ಣಿನ ಅಂಗಳದಲ್ಲಿ ನೀರು ನಿಧಾನವಾಗಿ ಇಂಗುತ್ತದೆ; ಮರಳು ಬೆರೆತ ನೆಲದಲ್ಲಿ ಬೇಗ ಇಂಗುತ್ತದೆ. ನುಣುಪಾದ ಹೂಳು ಕೂತಂತೆಲ್ಲ ಕೆರೆಯ ತಳ ಬಿಗಿಯಾಗುತ್ತದೆ. ಇಂಗಿದ ನೀರೆಲ್ಲ ಆಳಕ್ಕೆ ಇಳಿಯುವುದೂ ಇಲ್ಲ. ಅದರಲ್ಲಿ ಒಂದಷ್ಟು ಏರಿಯ ಕೆಳಗೆ ಜಿನುಗಿ ಹಳ್ಳಕ್ಕೆ ಹರಿದುಹೋಗುತ್ತದೆ. ಆದುದರಿಂದ ಆಯಾ ಕೆರೆಯನ್ನು ಅಲ್ಲಿಯೇ ಅಳೆಯುವುದು ಲೇಸು.

ಪ್ರತಿಯೊಂದು ಕೆರೆಯನ್ನೂ ಅಳೆಯುವುದು ಸಾಧ್ಯವೇ ಎಂದು ಕೆಲವರು ಆಕ್ಷೇಪಿಸಬಹುದು. ಈ ಕೆಲಸಕ್ಕೆ ಬೇಕಾದುದು ಹೆಚ್ಚೇನೂ ಅಲ್ಲ. ಅಳತೆಯ ಗೆರೆಗಳುಳ್ಳ ಒಂದು ಕಂಬವನ್ನು ನೀರಿನಲ್ಲಿ ನೆಟ್ಟರೆ ಸಾಕು. ಮಳೆಯಿಲ್ಲದ, ಒಳಹರಿವು ನಿಂತ, ತೂಬು ಮುಚ್ಚಿದ, ಯಾರೂ ನೀರೆತ್ತದ ದಿನಗಳಲ್ಲಿ ನೀರಿನ ಮಟ್ಟ ಇಳಿಯುವುದಕ್ಕೆ ಎರಡೇ ಕಾರಣ: ಆವಿಯಾಗುವುದು ಮತ್ತು ಇಂಗುವುದು. ಹತ್ತು ದಿನಗಳಲ್ಲಿ ಮಟ್ಟ 80 ಮಿಲಿಮೀಟರ್ ಇಳಿಯಿತೆನ್ನೋಣ. ಹವಾಮಾನ ಕೇಂದ್ರದ ತೊಟ್ಟಿಯಲ್ಲಿ ಅದೇ ಅವಧಿಗೆ 80 ಮಿಲಿಮೀಟರ್ ನೀರು ಆವಿಯಾಗಿದ್ದರೆ, ಕೆರೆಗೆ ಅದರ 0.7 ಭಾಗವನ್ನು, ಅಂದರೆ 56 ಮಿಲಿಮೀಟರನ್ನು ಎಣಿಸುವುದು ವಾಡಿಕೆ. ಉಳಿದ 24 ಮಿಲಿಮೀಟರ್ ಇಂಗಿದ ನೀರು. ದಿನಕ್ಕೆ 2.4 ಮಿಲಿಮೀಟರ್ ಆಯಿತು. ಕೂಡುವುದು ಕಳೆಯುವುದು ಬಲ್ಲ ಶಾಲಾಮಕ್ಕಳೂ ಈ ಲೆಕ್ಕವನ್ನು ಮಾಡಬಲ್ಲರು. ಜೊತೆಗೆ ಸಮೀಪದ ಬಾವಿಗಳ ನೀರಿನ ಮಟ್ಟವನ್ನು ಮಳೆಗಾಲಕ್ಕೆ ಮುನ್ನ ಮತ್ತು ಅನಂತರ ಬರೆದಿಟ್ಟರೆ, ಇಂಗಿದ ನೀರು ಎಲ್ಲಿಗೆ ತಲುಪಿತೆಂಬುದರ ಸುಳಿವೂ ಸಿಗುತ್ತದೆ. ನೀರಿನ ಗುಣವನ್ನೂ ಆಗಾಗ ಪರೀಕ್ಷಿಸಬೇಕು. ಕೆರೆಗೆ ಬಂದದ್ದೇ ಕೊನೆಗೆ ಬಾವಿಗೂ ಬರುತ್ತದೆ.

ಹಿಂದೆ ನೀರಗಂಟಿಯು ಕಾಣುವ ತೂಬನ್ನು ಕಾಯುತ್ತಿದ್ದನು. ಎಷ್ಟು ನೀರು ಬಿಡಬೇಕು, ಯಾರಿಗೆ ಮೊದಲು ಬಿಡಬೇಕು ಎಂಬುದಕ್ಕೆ ಊರಿನ ಕಟ್ಟುಪಾಡು ಇತ್ತು. ಕಾಣದ ತೂಬಿಗೆ ಅಂತಹ ಕಾವಲೂ ಇಲ್ಲ, ಕಟ್ಟುಪಾಡೂ ಇಲ್ಲ. ನೆಲದಡಿಯ ನೀರು ಯಾರ ಹೊಲದಲ್ಲಿ ಮೇಲೆ ಬಂದರೂ ಅದು ಊರಿನ ಸಮಾನ ಸೊತ್ತು. ಆದಾಯವನ್ನು ಅರಿಯದೆ ಖರ್ಚು ಮಾಡುವ ಮನೆ ಬಾಳುವುದಿಲ್ಲ. ನೆಲಕ್ಕೆ ಇಳಿದ ನೀರನ್ನು ಅರಿಯದೆ ಎತ್ತುವ ಊರಿಗೂ ಅದೇ ಗತಿ. ಕೆರೆಯನ್ನು ತುಂಬಿಸುವ ಶ್ರಮದ ಒಂದಂಶವನ್ನಾದರೂ ಅದನ್ನು ಅಳೆಯುವುದಕ್ಕೆ ಮೀಸಲಿಡುವುದು ಪ್ರತಿಯೊಂದು ಗ್ರಾಮದ ಕರ್ತವ್ಯ.