ನೋವನ್ನು ಗೆದ್ದ ನಗೆ

ಹಿರಿಯರ ಗುಣಗಾನ ಮಾಡುವಾಗ ಅವರ ಪದವಿ, ಪ್ರಶಸ್ತಿಗಳನ್ನು ಎಣಿಸುವುದು ವಾಡಿಕೆ. ಆದರೆ ಅವರು ಹೇಗೆ ನಕ್ಕರು, ಹೇಗೆ ನಗಿಸಿದರು ಎಂಬುದನ್ನು ಹೇಳದಿದ್ದರೆ ಆ ಚಿತ್ರವು ಅಪೂರ್ಣವೇ ಸರಿ.

1943ರಲ್ಲಿ ಶಿವಮೊಗ್ಗೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ದ. ರಾ. ಬೇಂದ್ರೆಯವರು ಅಧ್ಯಕ್ಷರಾಗಿದ್ದರು. 1958ರಲ್ಲಿ ಬಳ್ಳಾರಿ ಸಮ್ಮೇಳನದ ಅಧ್ಯಕ್ಷರಾದ ವಿ. ಕೃ. ಗೋಕಾಕರು ಬೇಂದ್ರೆಯವರನ್ನು ತಮ್ಮ ಕಾವ್ಯಗುರುವೆಂದು ಗೌರವಿಸಿದವರು. ಸಮಾನ ಪೀಠವನ್ನೇರಿದವರೂ ಹಿಂದಿನವರ ಋಣವನ್ನು ನೆನೆಯುವುದು ದೊಡ್ಡ ಗುಣ. ಆದರೆ ಬೇಂದ್ರೆಯವರನ್ನು ನೆನೆಯುವವರು ಅವರ ಬಾಳಿನ ನೋವನ್ನೂ ನುಡಿಯ ನಗೆಯನ್ನೂ ಒಟ್ಟಿಗೆ ಕಾಣಬೇಕು.

‘ನರಬಲಿ’ ಕವನಕ್ಕಾಗಿ ಅವರು ಸೆರೆವಾಸ ಅನುಭವಿಸಿದರು. ಹಲವು ಮಕ್ಕಳನ್ನು ಕಳೆದುಕೊಂಡರು. ಆದರೂ ‘ಸಾಯೋ ಆಟ’ದಂತಹ ನಗೆನಾಟಕವನ್ನು ಬರೆದರು, ಸಾವೆಂಬ ಮಾತಿನ ಪಕ್ಕದಲ್ಲಿಯೇ ಆಟವೆಂಬ ಮಾತನ್ನಿಟ್ಟರು. ನೋವನ್ನು ಅರಿಯದವನ ನಗೆ ಇದಲ್ಲ.

ಈ ನಗೆಯ ಬೇರು ಜನರ ಆಡುನುಡಿಯಲ್ಲಿತ್ತು. ಅಂದಿನ ಇಂಡಿ ತಾಲ್ಲೂಕಿನ ಹಲಸಂಗಿಯ ಮಧುರಚೆನ್ನರು ಬೇಂದ್ರೆಯವರ ಆತ್ಮೀಯರು. ಹಲಸಂಗಿಯ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ 1931ರಲ್ಲಿ ಪ್ರಕಟವಾಯಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಳ್ಳಿಗಳಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿದ ತಾಯಂದಿರೂ ದುಃಖವನ್ನು, ವಿನೋದವನ್ನು ಒಂದೇ ದನಿಯಲ್ಲಿ ಹಾಡಿದವರೇ.

ಪರರನ್ನು ನೋಯಿಸುವ ನಗೆ ಅಪಹಾಸ್ಯ. ತನ್ನ ನೋವನ್ನು ನುಂಗಿಕೊಂಡು ಪರರ ಮನಸ್ಸನ್ನು ಹಗುರಗೊಳಿಸುವ ನಗೆಯೇ ನಿಜವಾದ ಹಾಸ್ಯ. ಮೊದಲನೆಯದಕ್ಕೆ ನಾಲಗೆಯೊಂದಿದ್ದರೆ ಸಾಕು. ಎರಡನೆಯದಕ್ಕೆ ಎದೆಗಾರಿಕೆ ಬೇಕು. ಹಿರಿಯರಿಂದ ನಾವು ಮೊದಲು ಕಲಿಯಬೇಕಾದುದು ಈ ಎದೆಗಾರಿಕೆಯನ್ನು.