ಹಳೆಯ ಗೋಡೆಗೆ ಹೊಸ ಬಣ್ಣ: ದುಡ್ಡು ಯಾರದು?

ಮೂಡಲಗಿಯಲ್ಲಿ ನನಗೆ ಪರಿಚಯದ ಶಿಕ್ಷಕರೊಬ್ಬರು ಹನ್ನೊಂದು ವರ್ಷ ಇದ್ದ ಬಾಡಿಗೆ ಮನೆ ಖಾಲಿ ಮಾಡಿದರು. ಕೀಲಿ ಕೊಡುವ ದಿನ ಮಾಲೀಕರು ಪಟ್ಟಿ ಬರೆದುಕೊಂಡೇ ಬಂದಿದ್ದರು: ಬಣ್ಣ, ಗೋಡೆಯ ಬಿರುಕು, ಮೊಳೆ ತೂತು, ನಲ್ಲಿ, ಬಚ್ಚಲಿನ ಪ್ಲಾಸ್ಟಿಕ್ ಬಾಗಿಲು, ಅಡುಗೆ ಕಟ್ಟೆಯ ಸೀಳಿದ ಕಡಪಾ ಕಲ್ಲು. ಕೂಡಿಸಿದರೆ ಠೇವಣಿಯನ್ನೂ ದಾಟುತ್ತಿತ್ತು.

“ಹನ್ನೊಂದ್ ವರ್ಷದಾಗ ಒಮ್ಮೆರೆ ಸುಣ್ಣಾ ಹಚ್ಚಿಸೀರೇನ್ರಿ ಕಾಕಾ?”

“ಹಚ್ಚಿಸಿಲ್ಲ, ಖರೆ. ಬಾಡಿಗಿನೂ ಏರಿಸಿಲ್ಲಲ್ರಿ ಸರ್.”

ಜಗಳದ ಬೇರು ಈ ಎರಡನೇ ಮಾತಿನಲ್ಲಿದೆ. ನಮ್ಮ ಕಡೆ ಒಳ್ಳೆಯ ಬಾಡಿಗೆದಾರ ಸಿಕ್ಕರೆ ಮಾಲೀಕರು ಬಾಡಿಗೆ ಏರಿಸದೆ ಇಟ್ಟುಕೊಳ್ಳುತ್ತಾರೆ, ಬಾಡಿಗೆದಾರರು ರಿಪೇರಿ ಕೇಳದೆ ಇರುತ್ತಾರೆ. ಬಾಯಲ್ಲಿ ಬಾರದ ಈ ಒಪ್ಪಂದ ವರ್ಷಗಟ್ಟಲೆ ನಡೆಯುತ್ತದೆ. ಮನೆ ಬಿಡುವ ದಿನ ಬಿಟ್ಟುಕೊಟ್ಟ ಬಾಡಿಗೆಯೆಲ್ಲ ನೆನಪಾಗಿ, ಬಣ್ಣದ ಬಿಲ್ಲಿನ ರೂಪದಲ್ಲಿ ಹೊರಬರುತ್ತದೆ. ಆದರೆ ಏರಿಸದ ಬಾಡಿಗೆ ಮಾಲೀಕರದೇ ತೀರ್ಮಾನ. ಅದನ್ನು ಠೇವಣಿಯಲ್ಲಿ ಮುರಿದುಕೊಳ್ಳಲು ಬರುವುದಿಲ್ಲ.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಸ್ವಾಧೀನಕ್ಕೆ ಬಂದಾಗ ಮನೆ ಹೇಗಿತ್ತೋ ಹಾಗೇ ಒಪ್ಪಿಸಬೇಕು. ಸಹಜ ಬಳಕೆಯ ಸವೆತಕ್ಕೂ ತಡೆಯಲಾಗದ ಶಕ್ತಿಯಿಂದಾದ ಹಾನಿಗೂ ವಿನಾಯಿತಿ ಇದೆ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಉಕ್ಕಿ ಗೋಕಾಕದ ಪೇಟೆಗೂ ದಡದ ಊರುಗಳ ಮನೆಗಳಿಗೂ ನುಗ್ಗಿತಲ್ಲ, ಆ ನೀರು ಬಿಟ್ಟುಹೋದ ಕಲೆಯನ್ನು ಯಾವ ಬಾಡಿಗೆದಾರನ ಲೆಕ್ಕಕ್ಕೂ ಬರೆಯುವಂತಿಲ್ಲ. ಬಿರುಕಿನದೂ ಅದೇ ಕತೆ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ತಳಪಾಯ ಗಟ್ಟಿಯಿಲ್ಲದ ಮನೆಯ ಗೋಡೆ ಒಳಗೆ ಯಾರಿದ್ದರೂ ಸೀಳುತ್ತದೆ.

ಉಳಿದದ್ದಕ್ಕೆ ವಯಸ್ಸಿನ ಲೆಕ್ಕ ಹಾಕಬೇಕು. ನಾಲ್ಕೈದು ವರ್ಷ ಬಾಳುವ ಬಣ್ಣ ಹನ್ನೊಂದು ವರ್ಷದ ಹೊತ್ತಿಗೆ ಎಂದೋ ಸತ್ತಿರುತ್ತದೆ, ಅದರ ಬೆಲೆ ಸೊನ್ನೆ. ಬಚ್ಚಲಿನ ಬಾಗಿಲು ಹಾಕಿಸಿ ಆರು ವರ್ಷವಾಗಿತ್ತು, ಶಿಕ್ಷಕರ ಮಗ ಒದ್ದು ಮುರಿದಿದ್ದ. ಹೊಸದಕ್ಕೆ 2,500 ರೂಪಾಯಿ, ಆಯುಷ್ಯ ಹತ್ತು ವರ್ಷ ಎಂದಿಟ್ಟುಕೊಂಡರೆ ಉಳಿದ ನಾಲ್ಕು ವರ್ಷಕ್ಕೆ 1,000 ರೂಪಾಯಿ ಕೊಡುವುದು ನ್ಯಾಯ. ಪೂರ್ತಿ ವಸೂಲಿ ಮಾಡಿದರೆ ಹಳೆ ಬಾಗಿಲು ಕೊಟ್ಟು ಹೊಸದು ಪಡೆದಂತೆ. ಕಡಪಾ ಕಲ್ಲಿಗೆ ಮಾತ್ರ ಈ ರಿಯಾಯಿತಿ ಇಲ್ಲ. ಕಲ್ಲಿಗೆ ಮುಪ್ಪಿಲ್ಲ. ಅದರ ಮೇಲೆ ಖಾರ ಕುಟ್ಟಿ ಸೀಳಿದವರು ಪೂರ್ತಿ ತೆರಬೇಕು.

ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಒಂದು ಪಟ್ಟಿಯನ್ನೇ ಕೊಟ್ಟಿದೆ. ಸುಣ್ಣ-ಬಣ್ಣ, ಪೈಪು, ವೈರಿಂಗು ಮಾಲೀಕರ ಪಾಲು. ನಲ್ಲಿ, ಸ್ವಿಚ್ಚು, ಬೀಗ, ಕಿಟಕಿ ಗಾಜು ಬಾಡಿಗೆದಾರರ ಪಾಲು. ರಾಜ್ಯಗಳು ತಮ್ಮದಾಗಿಸಿಕೊಂಡರೆ ಮಾತ್ರ ಅದು ಕಾನೂನು. ಆದರೂ ಜಗಳ ಬಿಡಿಸಲು ಒಳ್ಳೆಯ ಅಳತೆಗೋಲು. (ಬೋರ್‌ವೆಲ್ಲಿನ ಸವಳು ನೀರು ನಲ್ಲಿಗಳನ್ನು ತಿಂದುಹಾಕುವ ಊರಲ್ಲಿ ನಲ್ಲಿಯನ್ನೂ ಬಾಡಿಗೆದಾರನ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ.)

“ಬಿಡುವಾಗ ಒಂದು ತಿಂಗಳ ಬಾಡಿಗೆ ಬಣ್ಣಕ್ಕೆ” ಎಂದು ಕರಾರಿನಲ್ಲೇ ಬರೆದಿದ್ದರೆ? 1872ರ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಬರೆದ ಮೊತ್ತ ಗರಿಷ್ಠ ಮಿತಿಯಷ್ಟೇ. ಅದರೊಳಗೆ ಸಮಂಜಸವಾದ ಪರಿಹಾರ ಸಿಗುತ್ತದೆ. ಇಲ್ಲಿ ಕರಾರಿನ ಕಾಗದವೇ ಸಿಗುವುದು ಕಷ್ಟ. ವರ್ಷ ಮೀರಿದರೆ ನೋಂದಣಿ ಕಡ್ಡಾಯವೆಂದು ಹನ್ನೊಂದು ತಿಂಗಳಿಗೆ ಬರೆಸಿ, ಹನ್ನೊಂದು ವರ್ಷ ಅದನ್ನೇ ಟ್ರಂಕಿನಲ್ಲಿಟ್ಟಿರುತ್ತಾರೆ. ಒಳಗೆ ಬಂದ ದಿನದ ಒಂದು ಫೋಟೊ ಕೂಡ ಇರುವುದಿಲ್ಲ. ಮೊದಲು ಹೇಗಿತ್ತೆಂದು ತೋರಿಸಲಾಗದವರು ಹಾಳಾಯಿತು ಎಂದು ಸಾಧಿಸುವುದು ಹೇಗೆ?

ಕೊನೆಗೆ ಬಾಗಿಲು, ಕಲ್ಲು, ಬಾಕಿ ಇದ್ದ ಹೆಸ್ಕಾಂ ಬಿಲ್ಲು ಇಷ್ಟನ್ನೇ ಮುರಿದುಕೊಂಡು ಕಾಕಾ ಉಳಿದದ್ದನ್ನು ಎಣಿಸಿ ಕೊಟ್ಟರು. ಶಿಕ್ಷಕರು ತಾವು ಹಾಕಿಸಿದ್ದ ಗೀಸರ್ ಬಿಚ್ಚಿಕೊಂಡರು. ಗೋಡೆಯಲ್ಲಿ ನಾಲ್ಕು ತೂತು ಉಳಿದವು. ಟೆಂಪೊ ಹೊರಡುವ ಮುಂಚೆ ಅವಕ್ಕೆ ಅವರೇ ಸಿಮೆಂಟು ಮೆತ್ತಿದರು.